ಇಂಜೆಕ್ಟರ್ ಬಿಚ್ಚುವ ಮೊದಲು ನಾನು ಏನೇನು ನೋಡಿದೆ

ನಮ್ಮದು ಬಿಎಸ್-4 ಡೀಸೆಲ್ ಪಿಕಪ್. ನಾಲ್ಕು ಸಿಲಿಂಡರ್, ಕಾಮನ್ ರೈಲ್ ಎಂಜಿನ್. ಅಂದರೆ ಪಂಪ್ ಭಾರೀ ಒತ್ತಡದಲ್ಲಿ ಡೀಸೆಲ್ ಅನ್ನು ರೈಲ್ ಎಂಬ ಒಂದೇ ಪೈಪಿಗೆ ತುಂಬುತ್ತದೆ, ಅಲ್ಲಿಂದ ಇಂಜೆಕ್ಟರ್‌ಗಳು ಅದನ್ನು ಸಿಲಿಂಡರ್‌ಗಳಿಗೆ ಚಿಮ್ಮಿಸುತ್ತವೆ. ಸಕಲೇಶಪುರದ ಕಡೆಯಿಂದ ಮಂಗಳೂರಿಗೆ ತರಕಾರಿ ಇಳಿಸಿ, ವಾಪಸ್ ಬರುವಾಗ ಸಿಕ್ಕ ಲೋಡ್ ಹಾಕಿಕೊಂಡು ಶಿರಾಡಿ ಘಾಟಿ ಹತ್ತುವುದು ಅದರ ಕೆಲಸ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಗುಂಡ್ಯ ದಾಟಿ ಏರು ಶುರುವಾದ ಕೂಡಲೇ ಮಿಸ್ ಹೊಡೆಯಲು, ಅಂದರೆ ಡೀಸೆಲ್ ಸರಿಯಾಗಿ ಉರಿಯದೆ ಎಂಜಿನ್ ತಡವರಿಸಲು ಶುರುಮಾಡಿತು. ಜರ್ಕ್ ಹೊಡೆದು ಪವರ್ ಬಿದ್ದುಹೋಗುತ್ತಿತ್ತು, ಚೆಕ್ ಲೈಟ್ ಬರುತ್ತಿತ್ತು. ಬೆಳಗ್ಗೆ ಸ್ಟಾರ್ಟ್ ಆಗಲು ಸೆಲ್ಫ್ ಜಾಸ್ತಿ ಹೊಡೆಯಬೇಕಿತ್ತು.

ತೋರಿಸಿದ ಗ್ಯಾರೇಜಿನಲ್ಲಿ, "ಅಣ್ಣ, ಇಂಜೆಕ್ಟರ್ ಹೋಗಿವೆ, ನಾಲ್ಕೂ ಬದಲಾಯಿಸಿಬಿಡಿ" ಅಂದರು. ನಾಲ್ಕು ಇಂಜೆಕ್ಟರ್ ಅಂದರೆ ಸಣ್ಣ ದುಡ್ಡಲ್ಲ. ಮೊದಲು ನಾನೇ ಒಂದೊಂದಾಗಿ ನೋಡೋಣ ಅಂದುಕೊಂಡೆ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಹಾಗಾಗಿ ಮಿಸ್ ಅಂದರೆ ಡೀಸೆಲ್, ಗಾಳಿ, ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ), ವೈರಿಂಗ್, ಇವುಗಳಲ್ಲಿ ಒಂದು. ನಾನು ಮೊದಲು ಕೇಳಿಕೊಂಡ ಪ್ರಶ್ನೆ, ಒಂದು ಸಿಲಿಂಡರ್ ಸತ್ತಿದೆಯೋ, ನಾಲ್ಕಕ್ಕೂ ಡೀಸೆಲ್ ಸಾಲುತ್ತಿಲ್ಲವೋ? ಒಂದೇ ಸತ್ತಿದ್ದರೆ ಐಡ್ಲಿಂಗ್‌ನಲ್ಲೂ (ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗಲೂ) ಒಂದೇ ಲಯದಲ್ಲಿ ಕುಂಟುತ್ತದೆ. ನಮ್ಮ ಗಾಡಿ ಐಡ್ಲಿಂಗ್‌ನಲ್ಲಿ ಸರಿಯಾಗೇ ಇತ್ತು. ಲೋಡ್ ಇದ್ದು ಏರು ಹತ್ತುವಾಗ ಮಾತ್ರ ಬೀಳುತ್ತಿತ್ತು. ಇನ್ನೊಂದು ವಿಷಯ ಗಮನಕ್ಕೆ ಬಂತು. ಟ್ಯಾಂಕ್ ತುಂಬಿದ್ದಾಗ ತೊಂದರೆ ಕಮ್ಮಿ, ಅರ್ಧಕ್ಕಿಂತ ಕೆಳಗಿಳಿದರೆ ಜಾಸ್ತಿ. ಇಂಜೆಕ್ಟರ್ ಕೆಟ್ಟಿದ್ದರೆ ಅದಕ್ಕೂ ಟ್ಯಾಂಕ್ ಮಟ್ಟಕ್ಕೂ ಏನು ಸಂಬಂಧ?

ಫೋನಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಹಾಕಿ ನೋಡಿದೆ. ಪಿ0087 ಎಂಬ ತೊಂದರೆಯ ಕೋಡ್ ಬಂತು. ರೈಲ್‌ನಲ್ಲಿ ಡೀಸೆಲ್ ಒತ್ತಡ ಕಮ್ಮಿ ಅಂತ ಅರ್ಥ. ಒಂದನೇ ಸಿಲಿಂಡರ್ ಮಿಸ್ ಆದರೆ ಬರುವ ಪಿ0301, ಎರಡನೆಯದಕ್ಕೆ ಬರುವ ಪಿ0302, ಇಂಥ ಯಾವ ಕೋಡೂ ಇರಲಿಲ್ಲ. ತಮ್ಮನಿಗೆ ಗಾಡಿ ಕೊಟ್ಟು ಪಕ್ಕದಲ್ಲಿ ಕೂತು ಲೈವ್ ರೀಡಿಂಗ್ ನೋಡಿದೆ. ಏರಿನಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೇಳುತ್ತಿದ್ದ ಒತ್ತಡ 1200 ಬಾರ್ ಹತ್ತಿರ, ಸಿಗುತ್ತಿದ್ದದ್ದು 800ರ ಆಸುಪಾಸು.

ಆಮೇಲೆ ಫಿಲ್ಟರ್. ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು ಸ್ವಲ್ಪ ಹೊತ್ತು ಇಟ್ಟೆ. ಡೀಸೆಲ್ ನೀರಿಗಿಂತ ಹಗುರ, ನೀರಿದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ನಾಲ್ಕಾರು ಹನಿ ಬಿಟ್ಟರೆ ಇರಲಿಲ್ಲ. ಹೊಸ ಫಿಲ್ಟರ್ ಹಾಕಿದೆ, ತೊಂದರೆ ಹಾಗೇ ಇತ್ತು. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪ್ (ಮಿಕ್ಕ ಡೀಸೆಲ್ ವಾಪಸ್ ಹೋಗುವ ಪೈಪ್) ಬಿಚ್ಚಿ ಒಂದೊಂದಕ್ಕೂ ಒಂದೊಂದು ಬಾಟಲಿ ಕಟ್ಟಿ ಎಂಜಿನ್ ಓಡಿಸಿದೆ. ಕೆಟ್ಟ ಇಂಜೆಕ್ಟರ್ ಇದ್ದರೆ ಅದರ ಬಾಟಲಿ ಬೇಗ ತುಂಬುತ್ತದೆ. ನಾಲ್ಕರಲ್ಲೂ ಹೆಚ್ಚೂಕಮ್ಮಿ ಒಂದೇ ಮಟ್ಟ, ಅದೂ ಸ್ವಲ್ಪವೇ. ಗ್ಯಾರೇಜಿನ ಮಾತಿನ ಮೇಲೆ ನನಗೆ ನಂಬಿಕೆ ಹೋಗಿದ್ದು ಇಲ್ಲೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೇ ಡೀಸೆಲ್ ಗಾಡಿಗಳಲ್ಲಿ ಎಂಜಿನ್ ಓಡುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಅಂತ ನೋಡುತ್ತಿದ್ದರು. ಕಾಮನ್ ರೈಲ್‌ನಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಆ ಒತ್ತಡಕ್ಕೆ ಚಿಮ್ಮುವ ಡೀಸೆಲ್ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ರಿಟರ್ನ್ ಪೈಪ್ ಬೇರೆ, ಅದರಲ್ಲಿ ಅಂಥ ಒತ್ತಡ ಇರುವುದಿಲ್ಲ.

ಉತ್ತರ ಸಿಕ್ಕಿದ್ದು ಒಂದು ತುಂಡು ಪಾರದರ್ಶಕ ಪೈಪಿನಿಂದ. ಫಿಲ್ಟರ್‌ಗೂ ಪಂಪ್‌ಗೂ ನಡುವೆ ಅದನ್ನು ಹಾಕಿ ರೇಸ್ ಮಾಡಿದೆ. ಡೀಸೆಲ್ ಜೊತೆ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಏರ್ ಹಿಡಿಯುತ್ತಿದೆ, ಸರಿ. ಆದರೆ ಎಲ್ಲಿಂದ? ಟ್ಯಾಂಕಿನಿಂದ ಬರುವ ಲೈನ್ ತೆಗೆದು, ಶುದ್ಧ ಡೀಸೆಲ್ ಇರುವ ಕ್ಯಾನಿನಿಂದ ನೇರವಾಗಿ ಫಿಲ್ಟರ್‌ಗೆ ಪೈಪ್ ಕೊಟ್ಟೆ. ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದು ಮತ್ತೆ ರೇಸ್ ಮಾಡಿದೆ. ಒಂದೂ ಗುಳ್ಳೆ ಇಲ್ಲ! ಅಂದರೆ ಫಿಲ್ಟರ್ ಸರಿ ಇದೆ, ತೊಂದರೆ ಇರುವುದು ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ಲೈನ್‌ನಲ್ಲಿ.

ಗಾಡಿ ಕೆಳಗೆ ಮಲಗಿ ಲೈನ್ ಉದ್ದಕ್ಕೂ ಬೆರಳಾಡಿಸಿದೆ. ಚಾಸಿಗೆ ಉಜ್ಜುವ ಜಾಗದಲ್ಲಿ ರಬ್ಬರ್ ಪೈಪಿನ ಮೇಲುಭಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿ ಒಂದು ಹನಿ ಡೀಸೆಲ್ ಸೋರಿರಲಿಲ್ಲ. ಸೋರುವುದೂ ಇಲ್ಲ. ನಮ್ಮ ಗಾಡಿಯಲ್ಲಿ ಟ್ಯಾಂಕ್ ಒಳಗೆ ಪಂಪ್ ಇಲ್ಲ, ಮುಂದಿನ ಪಂಪೇ ಎಳೆದುಕೊಳ್ಳುತ್ತದೆ. ಎಳೆಯುವ ಕಡೆ ಬಿರುಕಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಟ್ಯಾಂಕ್ ಖಾಲಿಯಾದಷ್ಟೂ, ಏರಿನಲ್ಲಿ ಡೀಸೆಲ್ ಹೆಚ್ಚು ಬೇಕಾದಷ್ಟೂ ಎಳೆತ ಜಾಸ್ತಿ, ಗಾಳಿಯೂ ಜಾಸ್ತಿ. ರಾತ್ರಿ ಗಾಡಿ ನಿಂತಾಗ ಅದೇ ಬಿರುಕಿನಿಂದ ಗಾಳಿ ಸೇರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿತ್ತು, ಬೆಳಗಿನ ಕಷ್ಟ ಅದರಿಂದಲೇ.

ಡೀಸೆಲ್‌ಗೆಂದೇ ಬರುವ ಹೋಸ್, ಹೊಸ ಕ್ಲಿಪ್ ಹಾಕಿ, ಉಜ್ಜುವ ಜಾಗಕ್ಕೆ ರಬ್ಬರ್ ಸುತ್ತಿದೆ. ನೀರಿನ ಪೈಪ್ ಹಾಕಬೇಡಿ, ಡೀಸೆಲ್‌ಗೆ ಅದು ಉಬ್ಬಿ ಮೆತ್ತಗಾಗುತ್ತದೆ. ಅದೇ ಘಾಟಿಯಲ್ಲಿ ಮತ್ತೆ ಲೈವ್ ರೀಡಿಂಗ್ ನೋಡಿದಾಗ ಕೇಳಿದ ಒತ್ತಡವೂ ಸಿಕ್ಕ ಒತ್ತಡವೂ ಜೊತೆಜೊತೆಗೇ ಏರುತ್ತಿದ್ದವು.

ಪೆಟ್ರೋಲ್ ಪಿಕಪ್ ಇರುವವರಿಗೆ ದಾರಿ ಬೇರೆ. ಅಲ್ಲಿ ಪ್ಲಗ್, ಅದಕ್ಕೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಮೊದಲು ನೋಡಬೇಕು. ಪಿ0302 ಬಂದರೆ, ಒಂದೊಂದು ಸಿಲಿಂಡರ್‌ಗೆ ಒಂದೊಂದು ಕಾಯಿಲ್ ಇರುವ ಎಂಜಿನ್ ಆದರೆ ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿ ಓಡಿಸಿ. ಕೋಡ್ ಪಿ0303ಕ್ಕೆ ಬದಲಾದರೆ ಕಾಯಿಲ್ ಹೋಗಿದೆ. ಬದಲಾಗದಿದ್ದರೆ ಪ್ಲಗ್ ನೋಡಿ, ಅದೂ ಸರಿಯಿದ್ದರೆ ಆಮೇಲೆ ಇಂಜೆಕ್ಟರ್, ಕಂಪ್ರೆಷನ್.