ಅಪ್ಪ ಜೊತೆಗಿಲ್ಲದ ಖೋಲಿಯಲ್ಲಿ ಏಳು ಮಂದಿಯ ಊಟ

ಮುಂಬಯಿಯ ಒಂದು ಖೋಲಿ, ಅಂದರೆ ಒಂದೇ ಕೋಣೆಯ ಮನೆ. ಅಜ್ಜಿ, ತಾಯಿ, ಐದು ಮಕ್ಕಳು. ಅಪ್ಪ ಬಿಟ್ಟುಹೋಗಿದ್ದಾನೆ. ಇಂಥ ಮನೆ ಮೊದಲು ಹಿಡಿಯಬೇಕಾದ್ದು ರೇಷನ್ ಕಾರ್ಡನ್ನು. ಯಜಮಾನನಿಲ್ಲದೆ ಕಾರ್ಡು ನಡೆಯುವುದಿಲ್ಲವೆಂದು ಸುಮ್ಮನೆ ಕೂರಬೇಡಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ, 18 ತುಂಬಿದ ಹೆಂಗಸರಲ್ಲಿ ಹಿರಿಯಳೇ ಕಾರ್ಡಿನ ಯಜಮಾನಿ. ಆಧಾರ್ ಜೋಡಿಸಿದ್ದರೆ ಊರಿನಿಂದ ತಂದ ಕಲಬುರಗಿ, ಯಾದಗಿರಿಯ ಕಾರ್ಡಿಗೂ ಇಲ್ಲಿನ ಅಂಗಡಿಯಲ್ಲಿ ಧಾನ್ಯ ಸಿಗುತ್ತದೆ. ಊರಲ್ಲಿ ಉಳಿದವರೂ ಅದೇ ಕಾರ್ಡಿನಲ್ಲಿದ್ದರೆ ಯಾರು ಎಷ್ಟು ಎತ್ತುವುದೆಂದು ಮೊದಲೇ ಫೋನಿನಲ್ಲಿ ಮಾತಾಡಿಕೊಳ್ಳಿ. ಒಬ್ಬರೇ ಪೂರ್ತಿ ಎತ್ತಿದರೆ ಇನ್ನೊಬ್ಬರು ಖಾಲಿ ಚೀಲ ಹಿಡಿದು ವಾಪಸು ಬರಬೇಕು.

ಪಾತ್ರೆ ತಿಕ್ಕಿ ತಿಕ್ಕಿ ಬೆರಳ ರೇಖೆ ಸವೆದಿರುತ್ತದೆ, ರೇಷನ್ ಅಂಗಡಿಯ ಮಷಿನ್ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಕೈ ತೊಳೆದು ಚೆನ್ನಾಗಿ ಒರೆಸಿ ಬೇರೆ ಬೆರಳು ಇಟ್ಟು ನೋಡಿ. ಆಗದಿದ್ದರೆ ಕಾರ್ಡಿನಲ್ಲಿರುವ ದೊಡ್ಡ ಮಗನನ್ನೋ ಮಗಳನ್ನೋ ಕರೆದೊಯ್ಯಿರಿ.

ಬಡ ಕುಟುಂಬಗಳಿಗೆ ಕೊಡುವ ಆದ್ಯತಾ ಕಾರ್ಡಿಗೆ ತಿಂಗಳಿಗೆ ತಲೆಗೆ 5 ಕಿಲೋ, ಏಳು ಮಂದಿಗೆ 35 ಕಿಲೋ. ದಿನಕ್ಕೆ 2 ಕಿಲೋ ಬೇಯುವ ಮನೆಯಲ್ಲಿ ಅದು 17 ದಿನ ಬಂದೀತು. ಉಳಿದ 25 ಕಿಲೋ ಪಗಾರದ ದಿನವೇ ಒಟ್ಟಿಗೆ ತನ್ನಿ. ದಿನಾ ಅರ್ಧ ಕಿಲೋ ಉದ್ರಿ ತಂದರೆ ದರವೂ ಹೆಚ್ಚು, ಅಂಗಡಿಯವನ ಪುಸ್ತಕದಲ್ಲಿ ಬರೆದದ್ದರ ಮೇಲೆ ನಿಮಗೆ ಹಿಡಿತವೂ ಇಲ್ಲ.

ಕಾಳಿಗೆ ಹುರುಳಿಯಂಥದು ಬೇರೆ ಇಲ್ಲ. 350 ಗ್ರಾಂ ಹುರುಳಿಯನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ 5 ಲೀಟರ್ ಕುಕ್ಕರಿನಲ್ಲಿ ಒಂದೂವರೆ ಲೀಟರ್ ನೀರಿಟ್ಟು, ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯಿಸಿ. ಕಟ್ಟು ಬಸಿದು, ಒಂದು ಹಿಡಿ ಕಾಳು ಅರೆದು ಸೇರಿಸಿ, ಹುಣಸೆ, ಬೆಳ್ಳುಳ್ಳಿ, ಖಾರ ಹಾಕಿ ಕುದಿಸಿದರೆ ಸಾರು. ಮಿಕ್ಕ ಕಾಳಿಗೆ ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಹುಣಸೆಯನ್ನು ಮೊದಲೇ ಹಾಕಿದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ, ಗ್ಯಾಸ್ ಸುಮ್ಮನೆ ಉರಿಯುತ್ತದೆ.

ಬಡಿಸುವ ಮೊದಲು ತಾಯಿಯ ತಟ್ಟೆಗೆ ಹಾಕಿ ಮುಚ್ಚಿಡಿ. ಎಲ್ಲರಿಗೂ ಬಡಿಸಿ ಕೊನೆಗೆ ಕೂತವಳಿಗೆ ಉಳಿಯುವುದು ತಳದ ತಿಳಿಸಾರು ಮಾತ್ರ. ಅವಳು ಎರಡು ದಿನ ಮಲಗಿದರೆ ಮನೆಗೆಲಸದ ಪಗಾರವೂ ಮುರಿಯುತ್ತದೆ. ಈ ಮುಚ್ಚಿಡುವ ಕೆಲಸವನ್ನು ಮಗನಿಗೆ ವಹಿಸಿ.

ಹಿರಿಮಗಳನ್ನು ಎರಡನೆಯ ತಾಯಿಯಾಗಿಸುವುದು ಇಂಥ ಮನೆಗಳ ದೊಡ್ಡ ತಪ್ಪು. ನೀರು ತುಂಬುವುದು ಒಬ್ಬರಿಗೆ, ಹಾಸಿಗೆ ಸುತ್ತುವುದು ಇನ್ನೊಬ್ಬರಿಗೆ. ಗಂಡುಮಕ್ಕಳೂ ಲೆಕ್ಕಕ್ಕೆ ಸೇರಲಿ. ಅವಳ ಶಾಲೆ ಬಿಡಿಸಬೇಡಿ. ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಫೀ ಇಲ್ಲ. ಎಂಟನೆಯ ತರಗತಿವರೆಗೆ ಮಧ್ಯಾಹ್ನದ ಊಟವೂ ಇದೆ.

ಅಪ್ಪನ ಬಗ್ಗೆ ಮಕ್ಕಳು ಕೇಳಿದಾಗ “ನಾಳೆ ಬರ್ತಾನೆ” ಎನ್ನಬೇಡಿ. ಬಾಗಿಲು ಸದ್ದಾದಾಗೆಲ್ಲ ಚಿಕ್ಕದು ಎದ್ದು ಕೂರುತ್ತದೆ. “ಎಲ್ಲಿದ್ದಾನೋ ಗೊತ್ತಿಲ್ಲ, ನಾವೆಲ್ಲ ಇದ್ದೀವಿ” ಎನ್ನಿ, ಪಕ್ಕದಲ್ಲಿ ಮಲಗಿಸಿಕೊಳ್ಳಿ.

ಅವನು ದುಡಿಯುತ್ತಿದ್ದೂ ಖರ್ಚಿಗೆ ಕೊಡದಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಕಾನೂನಿನ 144ನೆಯ ಕಲಮಿನಡಿ ಹೆಂಡತಿ, ಮಕ್ಕಳು ಜೀವನಾಂಶ ಕೇಳಬಹುದು. ಹೆಂಗಸರಿಗೆ ವಕೀಲರು ಪುಕ್ಕಟೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮದುವೆಯ ಫೋಟೊ, ಮಕ್ಕಳ ಜನನ ದಾಖಲೆ, ಅವನು ಕೆಲಸ ಮಾಡುವ ಜಾಗದ ವಿಳಾಸ ಇವಿಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಮಳೆಗಾಲದಲ್ಲಿ ಖೋಲಿಗೆ ನೀರು ನುಗ್ಗಿದರೆ ಮೊದಲು ನೆನೆಯುವುದು ನೆಲದ ಮೇಲಿನ ಟ್ರಂಕು.