ಮದಕದ ನೀರಿಗೆ ಮೂರು ಗೆರೆ: ಊರು, ಪಂಚಾಯತು, ಇಲಾಖೆ ಒಟ್ಟು ಸೇರಿ ಮಾಡಿದ ಕೆಲಸ

ಮದಕವೆಂದರೆ ಗುಡ್ಡೆಯಲ್ಲಿ ಮಳೆನೀರು ನಿಲ್ಲಿಸುವ ಕೆರೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಗುಡ್ಡೆ ಪ್ರದೇಶದ ಮದಕಗಳಿಗೆ ಸಾಮಾನ್ಯವಾಗಿ ಮೂರು ಕಡೆ ಇಳಿಜಾರು, ಒಂದು ಕಡೆ ಏರಿ, ಅಂದರೆ ಮಣ್ಣಿನ ಒಡ್ಡು. ಮಳೆಗಾಲದಲ್ಲಿ ತುಂಬಿದ ನೀರು ಮುರಕಲ್ಲಿನೊಳಗೆ (ಜಂಬಿಟ್ಟಿಗೆ) ಮೆಲ್ಲ ಇಳಿದು ಕೆಳಗಿನ ಬಾವಿ, ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು), ತೋಡುಗಳಿಗೆ ಒಸರಾಗಿ ಬರುತ್ತದೆ. ಆದ್ದರಿಂದ ಮದಕ ನೋಡಿಕೊಳ್ಳಲು ಬಳಕೆದಾರರ ಸಮಿತಿ ಮಾಡುವಾಗ ಸ್ನಾನಕ್ಕೆ, ಬಟ್ಟೆಗೆ, ಪಂಪು ಇಡಲು ಬರುವವರನ್ನಷ್ಟೇ ಕರೆದರೆ ಸಾಲದು. ಒಮ್ಮೆಯೂ ಮದಕದ ಹತ್ತಿರ ಬಾರದ ಬಾವಿಯವರೂ ಅದರ ಪಾಲುದಾರರೇ.

ನಾವು ಬಾವಿಗಳ ಪಟ್ಟಿಯಿಂದಲೇ ಶುರು ಮಾಡಿದೆವು. ಏರಿಯ ಕೆಳಗಿನ ಪ್ರತಿ ಬಾವಿಯ ಕಟ್ಟೆಗೆ ಪೇಂಟಿನಲ್ಲಿ ಒಂದು ಗುರುತು. ಅಲ್ಲಿಂದ ನೀರಿನ ತನಕ ತುದಿಗೆ ತೂಕ ಕಟ್ಟಿದ ಟೇಪು ಇಳಿಸಿ ಅಳೆಯುವುದು. ಡಿಸೆಂಬರಿನಿಂದ ಮೇ ತನಕ 15 ದಿನಕ್ಕೊಮ್ಮೆ, ಬೆಳಗ್ಗೆ ಪಂಪು ಹಾಕುವ ಮೊದಲು. ಪಂಪು ಹಾಕಿದ ಮೇಲೆ ಅಳೆದರೆ ಸಿಗುವುದು ಪಂಪಿನ ಲೆಕ್ಕ, ಒಸರಿನದ್ದಲ್ಲ. ತಮ್ಮ ಬಾವಿಯ ಅಳತೆ ಪಟ್ಟಿಯಲ್ಲಿ ಕಂಡಾಗ ಜನ ಸಭೆಗೆ ತಾವಾಗಿಯೇ ಬರುತ್ತಾರೆ.

ಮದಕದೊಳಗಿನ ಅಳತೆಗೋಲಿಗೆ ನಾವು ಹೆಚ್ಚು ಗಮನ ಕೊಟ್ಟೆವು. ನಾಲ್ಕು ಇಂಚಿನ ಪಿವಿಸಿ ಪೈಪಿನೊಳಗೆ ಕಬ್ಬಿಣದ ಸರಳು ಇಟ್ಟು ಕಾಂಕ್ರೀಟು ತುಂಬಿಸಿ, ಬುಡಕ್ಕೆ ಒಂದೂವರೆ ಅಡಿ ಆಳದ ಕಾಂಕ್ರೀಟು ಹಾಕಿದರೆ ಅಲುಗಾಡುವುದಿಲ್ಲ. 5 ಸೆಂಟಿಮೀಟರಿಗೊಂದು ಗೆರೆಯನ್ನು ಗರಗಸದಲ್ಲಿ ಕೊರೆದು ಆಮೇಲೆ ಬಣ್ಣ ತುಂಬಬೇಕು. ಬರೀ ಪೇಂಟಾದರೆ ಪಾಚಿ ತಿಕ್ಕುವಾಗ ಎದ್ದುಹೋಗುತ್ತದೆ. ಮೆಟ್ಟಿಲ ಹತ್ತಿರ ಒಂದೇ ಕೋಲು ನೆಟ್ಟರೆ ಫೆಬ್ರವರಿಯಲ್ಲಿ ನೀರು ಅದನ್ನು ಬಿಟ್ಟು ಹಿಂದೆ ಸರಿಯುತ್ತದೆ, ಅಳತೆ ಬಹಳ ಬೇಕಾದ ಹೊತ್ತಿಗೆ ಕೋಲು ಒಣ ನೆಲದಲ್ಲಿರುತ್ತದೆ. ಹಾಗಾಗಿ ಒಳಗೊಳಗೆ ಇಳಿಯುತ್ತ ಎರಡು ಮೂರು ಕೋಲು ಬೇಕು, ಮೇಲಿನ ಕೋಲಿನ ಕೆಳತುದಿ ಅದರ ಒಳಗಿನ ಕೋಲಿನ ಮೇಲ್ತುದಿಗಿಂತ 20 ಸೆಂಟಿಮೀಟರು ತಗ್ಗಿನಲ್ಲಿರಬೇಕು. ಎಲ್ಲಕ್ಕೂ ಸೊನ್ನೆ ಒಂದೇ: ಅತ್ಯಂತ ಆಳದ ಜಾಗ. ಮೇಸ್ತ್ರಿಯ ಲೆವೆಲ್ ಪೈಪಿನಲ್ಲಿ (ನೀರು ತುಂಬಿದ ಪಾರದರ್ಶಕ ಪೈಪು) ಮಟ್ಟ ಸಾಗಿಸಬಹುದು, ಪೈಪಿನೊಳಗೆ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡರೆ ಆಯಿತು.

ಕೋಲಿನ ಮೇಲೆ ಮೂರು ಬಣ್ಣದ ಗೆರೆ. ಹಸಿರಿನ ಮೇಲೆ ನೀರಿದ್ದರೆ ತೋಟಕ್ಕೆ ಪಂಪು ಇಡಬಹುದು. ಹಸಿರಿಗೂ ಹಳದಿಗೂ ನಡುವೆ ತೂಬಿನ (ಏರಿಯಡಿಯ ನೀರುಬಾಗಿಲಿನ) ನೀರು ಮಾತ್ರ, ಸರದಿಯಲ್ಲಿ. ಹಳದಿಯಿಂದ ಕೆಳಗೆ ತೂಬೂ ಬಂದ್, ಸ್ನಾನ ಮತ್ತು ದನಕರುಗಳಿಗೆ ಮಾತ್ರ. ಕೆಂಪಿಗೆ ಬಂದರೆ ಯಾರೂ ಮುಟ್ಟುವಂತಿಲ್ಲ, ಮೀನಿಗೆ ಮತ್ತು ಬೆಂಕಿ ಬಿದ್ದರೆ ಬೇಕಾಗುವುದಕ್ಕೆ. ಗೆರೆ ಎಲ್ಲಿ ಹಾಕಬೇಕೆಂದು ಬಾಯಿಮಾತಿನಲ್ಲಿ ಹೇಳಿದರೆ ಜಗಳ. ಜನವರಿಯಲ್ಲಿ ಮಳೆಯಿಲ್ಲದ ಒಂದು ವಾರ ತೂಬು, ಪಂಪು ಎರಡನ್ನೂ ನಿಲ್ಲಿಸಿ ನೀರು ದಿನಕ್ಕೆ ಎಷ್ಟು ಇಳಿಯುತ್ತದೆಂದು ಎಲ್ಲರೆದುರು ನೋಡಬೇಕು. ದಿನಕ್ಕೆ ಒಂದೂವರೆ ಸೆಂಟಿಮೀಟರು ಇಳಿದರೆ ಮಾರ್ಚ್ 1ರಿಂದ ಜೂನ್ ಮೊದಲ ವಾರದ ತನಕ ಸುಮಾರು ಒಂದೂವರೆ ಮೀಟರು ತಾನಾಗಿಯೇ ಹೋಗುತ್ತದೆ. ಮಾರ್ಚ್ 1ಕ್ಕೆ ಕೆಂಪಿನಿಂದ ಅಷ್ಟು ಎತ್ತರಕ್ಕೆ ನೀರು ಉಳಿಯುವಂತೆ ಹಸಿರು ಗೆರೆ. ಇಳಿದದ್ದರಲ್ಲಿ ಆವಿಯಾಗಿ ಹೋಗುವುದು ದಿನಕ್ಕೆ ಸುಮಾರು ಅರ್ಧ ಸೆಂಟಿಮೀಟರು, ಉಳಿದದ್ದು ನೆಲಕ್ಕೆ. ಅದನ್ನು ನಷ್ಟವೆಂದು ಕರೆಯಬಾರದು, ಅದು ಬಾವಿಯವರ ಪಾಲು.

ಇಲಾಖೆಗಳ ವಿಷಯಕ್ಕೆ ಬಂದರೆ, ಎಲ್ಲರನ್ನೂ ಒಂದೇ ಸಭೆಗೆ ಕರೆದು ಭಾಷಣ ಮಾಡಿಸುವುದರಿಂದ ಏನೂ ಸಿಗದು. ಪ್ರತಿ ಕಚೇರಿಗೆ ಒಂದೇ ಕೆಲಸ ಕೇಳಿ ಒಂದು ಪುಟದ ಅರ್ಜಿ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 218ನೇ ಸೆಕ್ಷನ್ ಸಾರ್ವಜನಿಕ ಕೆರೆ, ತೋಡುಗಳನ್ನು ಗ್ರಾಮ ಪಂಚಾಯತಿಗೆ ಒಪ್ಪಿಸುತ್ತದೆ, ಆದ್ದರಿಂದ ಒಡೆತನದ ಅರ್ಜಿ ಅಲ್ಲಿಗೇ. ಗಡಿ ಅಳೆಯಲು ತಾಲೂಕು ಸರ್ವೆಯರು. ಏರಿ, ತೂಬಿನ ಎಸ್ಟಿಮೇಟಿಗೆ ಸಣ್ಣ ನೀರಾವರಿ. ಮೇಲಿನ ಇಳಿಜಾರಿಗೆ ಮಣ್ಣು ಸಂರಕ್ಷಣಾ ಇಲಾಖೆ. ಮೀನುಮರಿಗೆ ಮೀನುಗಾರಿಕೆ ಇಲಾಖೆ. ಇಂಜಿನಿಯರನ್ನು ಏಪ್ರಿಲಿನಲ್ಲಿ ಕರೆದುಕೊಂಡು ಬನ್ನಿ. ಅಕ್ಟೋಬರದಲ್ಲಿ ಬಂದವರಿಗೆ ನೀರು ಮಾತ್ರ ಕಾಣುತ್ತದೆ, ಏರಿಯ ಒಳಮೈಯ ಬಿರುಕು, ತೂಬಿನ ಬುಡ ಕಾಣುವುದಿಲ್ಲ. ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದು. ಮುಂದಿನ ವರ್ಷದ ಯೋಜನೆಗಾಗಿ ಸೇರುವ ಸಭೆಯಲ್ಲಿ ಬೇಡಿಕೆ ದಾಖಲಾಗದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಮೇಲಿನ ಗುಡ್ಡೆ ಪಕ್ಕದ ಪಂಚಾಯತಿಗೆ ಸೇರಿದ್ದರೆ ಗ್ರಾಮ ಪಂಚಾಯತಿನ ಮೇಲಿನ ಹಂತವಾದ ಬ್ಲಾಕ್ ಪಂಚಾಯತಿನ ಮೂಲಕ ಹೋಗುವುದು ಸುಲಭ.

ಹೂಳಿನ ಲೆಕ್ಕ ಮೊದಲೇ ಹೇಳಿಬಿಡಿ. ಒಂದು ಎಕರೆಯಲ್ಲಿ ಒಂದು ಅಡಿ ಹೂಳೆಂದರೆ 43,560 ಘನ ಅಡಿ, 150 ಘನ ಅಡಿಯ ಟಿಪ್ಪರಿನಲ್ಲಿ 290 ಲೋಡು. ಅಗೆದ ಮಣ್ಣು ಉಬ್ಬುವುದರಿಂದ 350 ದಾಟುತ್ತದೆ. ಉದ್ಯೋಗ ಖಾತರಿಯವರ ಕೈಕೆಲಸದಿಂದ ಇಷ್ಟು ಮುಗಿಯದು. ಅವರಿಗೆ ಅಂಚಿನ ಪೊದೆ, ಒಳಹರಿವಿನ ಕಣಿ (ಕಾಲುವೆ), ಇಂಗುಗುಂಡಿ ಬಿಟ್ಟುಕೊಡುವುದು ಸರಿ. ಹೂಳೆತ್ತುವ ಕೆಲಸ ಮಾರ್ಚಿನಿಂದ ಮೇ ನಡುವಿನ ತನಕ, ಒಳ್ಳೆಯ ಬೇಸಗೆ ಮಳೆ ಬಂದರೆ ಅಲ್ಲಿಗೆ ಮುಗಿಯಿತು. ಯಂತ್ರ ಇಳಿಸುವ ಮೊದಲು ನಾಲ್ಕೈದು ಕಡೆ ಒಂದಡಿ ಚೌಕದ ಗುಂಡಿ ತೋಡಿ ಜೇಡಿಯ ಪದರ ಎಲ್ಲಿದೆಯೆಂದು ನೋಡಬೇಕು. ಮೇಲಿನದ್ದು ಕಪ್ಪಗೆ, ಎಲೆ ಕೊಳೆತ ವಾಸನೆಯ ಹೂಳು. ಕೆಳಗಿನ ಜೇಡಿ ಕೈಯಲ್ಲಿ ಉರುಟಿದರೆ ಒಡೆಯದೆ ಬತ್ತಿಯಾಗುತ್ತದೆ. ಜೇಡಿ ಸಿಕ್ಕಲ್ಲಿ ನಿಲ್ಲಿಸಿ. ಅದನ್ನು ತೆಗೆದು ಮುರಕಲ್ಲು ತೋರಿದರೆ ಜನವರಿಗೇ ಮದಕ ಬರಿದಾಗುತ್ತದೆ. ಏರಿಯ ಬುಡದಿಂದ 3 ಮೀಟರು ಒಳಗೆ ಬಕೆಟು ಹಾಕಬಾರದು. ಹೂಳು ಅಡಿಕೆ ಬುಡಕ್ಕೆ ಒಳ್ಳೆಯದು, ತೆಳ್ಳಗೆ ಹರಡಬೇಕು. ಆದರೆ ಹೊರಗೆ ಸಾಗಿಸಲು ಲಿಖಿತ ಅನುಮತಿ ಇಲ್ಲದೆ ಟಿಪ್ಪರು ಹೊರಡಿಸಬೇಡಿ.

ಕೋಡಿಯ ಹಲಗೆ ಹಾಕುವ, ತೆಗೆಯುವ ಹೊಣೆ ಹೆಸರು ಹೇಳಿ ಒಬ್ಬರಿಗೇ ಕೊಡಬೇಕು. ಯಾರಾದರೂ ತಮ್ಮಷ್ಟಕ್ಕೆ ಮರಳಿನ ಚೀಲ ಇಟ್ಟು ಮಟ್ಟ ಏರಿಸಿದ ಮೇಲೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗುಮಳೆ ಒಂದೇ ಸಂಜೆ ಸುರಿದರೆ ನೀರು ಏರಿಯನ್ನು ಮೀರಿ ಹರಿದು ಮಣ್ಣು ಕೊಚ್ಚುತ್ತದೆ. ತೂಬಿನ ಕೀಲಿ ಎರಡು: ಒಂದು ಬಳಕೆದಾರರ ಸಮಿತಿಯಲ್ಲಿ, ಒಂದು ಪಂಚಾಯತಿನಲ್ಲಿ.

ಸ್ನಾನದ ನೀರಿನ ಬಗ್ಗೆ ವಾದ ಬಂದರೆ ಲ್ಯಾಬಿಗೆ ಕಳಿಸಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಸ್ನಾನದ ನೀರಿನಲ್ಲಿ ಒಟ್ಟು ಕೋಲಿಫಾರ್ಮ್ (ನೀರು ಮಲಿನವಾದದ್ದನ್ನು ತೋರಿಸುವ ಬ್ಯಾಕ್ಟೀರಿಯಾ) 100 ಮಿ.ಲೀ.ಗೆ 500 ಮೀರಬಾರದು. ಲ್ಯಾಬಿನವರೇ ಕೊಟ್ಟ ಬಾಟಲಿಯಲ್ಲಿ ತುಂಬಿಸಿ, ಐಸಿನಲ್ಲಿಟ್ಟು ಅದೇ ದಿನ ಮುಟ್ಟಿಸಬೇಕು.

ಸಭೆಯನ್ನು ಭಾನುವಾರ ಮಧ್ಯಾಹ್ನದ ಮೇಲೆ, ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಸಂಘ) ಕೂಟ ಮುಗಿದ ಹೊತ್ತಿಗೆ ಇಟ್ಟರೆ ಹೆಂಗಸರು ಬರುತ್ತಾರೆ. ಬಟ್ಟೆ ಒಗೆಯುವ ಕಲ್ಲಿನ ಜಾಗ, ಸಾಬೂನು ನೀರು ಹೋಗುವ ಕಣಿ ಎಲ್ಲಿರಬೇಕೆಂದು ಅವರಿಗೇ ಗೊತ್ತು. ಸುದ್ದಿಯನ್ನು ದೇವಸ್ಥಾನ, ಮಸೀದಿ, ಇಗರ್ಜಿ, ರೇಷನ್ ಅಂಗಡಿ, ಹಾಲಿನ ಸೊಸೈಟಿಗಳಲ್ಲೂ ಹಾಕಿ, ವಾಟ್ಸಾಪು ಒಂದೇ ಸಾಲದು. ನಿರ್ಣಯ ಮಲಯಾಳದಲ್ಲೂ ಕನ್ನಡದಲ್ಲೂ ಬರೆದು ಸಹಿಗೆ ಮೊದಲು ಗಟ್ಟಿಯಾಗಿ ಓದಬೇಕು. ಮಲಯಾಳದಲ್ಲಿ ಮಾತ್ರ ಬರೆದ ನಿರ್ಣಯಕ್ಕೆ ನಮ್ಮ ಹಿರಿಯರು ಸಹಿ ಹಾಕುತ್ತಾರೆ, ಆಮೇಲೆ ಹಾಗೆ ಹೇಳಿಲ್ಲವೆನ್ನುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ.

ಅಧಿಕಾರಿಗಳು ವರ್ಗವಾಗಿ ಹೋಗುವುದು ನಿಶ್ಚಿತ. ಹೊಸಬರು ಬಂದ ವಾರದಲ್ಲೇ ಒಂದು ಫೈಲು ಕೊಂಡುಹೋಗಿ: ಸರ್ವೆ ನಕ್ಷೆ, ಸ್ವೀಕೃತಿಯ ಮೊಹರು ಇರುವ ಅರ್ಜಿಗಳ ಪ್ರತಿ, ಎರಡು ಭಾಷೆಯ ನಿರ್ಣಯ, ಏಪ್ರಿಲಿನ ಫೋಟೋ, ಕೋಲಿನ ಮತ್ತು ಬಾವಿಗಳ ಅಳತೆಯ ಪುಸ್ತಕದ ಜೆರಾಕ್ಸು. ಮೂಲ ಪುಸ್ತಕ ಊರಲ್ಲೇ ಇರಲಿ.