ರಿಲೇಯಿಂದಲೇ ತುಂಬಿದ ಎರಡನೆಯ ಬ್ಯಾಟರಿ: ನನ್ನ ಅನುಭವ

ಫ್ರಿಜ್ ಓಡಿಸಲೆಂದು ಗಾಡಿಯ ಹಿಂಭಾಗದಲ್ಲಿಟ್ಟ ಎರಡನೆಯ ಬ್ಯಾಟರಿಯನ್ನು ಬರಿಯ ರಿಲೇಯಿಂದ (ಎಂಜಿನ್ ಓಡುವಾಗ ಅದನ್ನು ಮುಂಭಾಗದ ಮೂಲ ಬ್ಯಾಟರಿಗೆ ಜೋಡಿಸುವ ಸ್ವಿಚ್ಚು) ಪೂರ್ತಿ ಚಾರ್ಜ್ ಮಾಡಲಾಗದು, ವೋಲ್ಟೇಜನ್ನು ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಇಲ್ಲದೆ ಗತಿಯಿಲ್ಲ ಎಂದು ನನ್ನ ಜೊತೆ ಆಫ್‌ರೋಡ್ ಹೋಗುವವರೆಲ್ಲ ಹೇಳುತ್ತಿದ್ದರು. ನನ್ನ 100 ಆಂಪಿಯರ್-ಅವರ್‌ನ ಎಜಿಎಂ (ನೀರು ಹಾಕಬೇಕಿಲ್ಲದ, ಮುಚ್ಚಿದ ಸೀಸ-ಆಮ್ಲದ) ಬ್ಯಾಟರಿ ಎರಡು ವರ್ಷಗಳಿಂದ ರಿಲೇಯಿಂದಲೇ ತುಂಬುತ್ತಿದೆ. ಇಡೀ ದಿನ ಓಡಿಸಿ, ರಾತ್ರಿ ಕೆಲವು ಗಂಟೆ ಯಾವ ಲೋಡೂ ಇಲ್ಲದೆ ಬಿಟ್ಟು ಅಳೆದರೆ 12.8 ವೋಲ್ಟ್, ಅಂದರೆ ಪೂರ್ತಿ ಚಾರ್ಜ್, ಸಿಗುತ್ತದೆ.

ಇಲ್ಲಿಗೆ ಬರುವ ಮೊದಲು ಕೈಬಿಟ್ಟ ಹಣ ಕಡಿಮೆಯೇನಲ್ಲ. ಈ ಕೆಲಸಕ್ಕೆಂದು ಮೊದಲು ತಂದ ಬ್ಯಾಟರಿಯನ್ನು ಬಾನೆಟ್ಟಿನ ಕೆಳಗೆ, ಎಕ್ಸಾಸ್ಟಿಗೆ ಹತ್ತಿರವಾಗಿ ಕೂರಿಸಿದ್ದೆ. ಆ ಬಿಸಿಗೆ ಅದು ಒಂದೂವರೆ ವರ್ಷವೂ ಬಾಳಲಿಲ್ಲ. ಅದರ ಟ್ರೇ ಕೂಡ ಕಲ್ಲುದಾರಿಯ ಅದುರಾಟಕ್ಕೆ ವೆಲ್ಡಿಂಗ್ ಪಕ್ಕದಲ್ಲೇ ಸೀಳಿತು. ಹೊಸ ಬ್ಯಾಟರಿಯನ್ನು ಹಿಂದಕ್ಕೆ ಒಯ್ದು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಐಸೊಲೇಟರ್ ಹಾಕಿದೆ. ಡಯೋಡ್ ಸುಮಾರು 0.7 ವೋಲ್ಟನ್ನು ತಾನೇ ನುಂಗುವುದರಿಂದ ಆಲ್ಟರ್ನೇಟರಿನ (ಎಂಜಿನ್ ತಿರುಗಿಸುವ ವಿದ್ಯುತ್ ಜನಕದ) 14.3 ವೋಲ್ಟ್ ಹಿಂದಕ್ಕೆ ತಲುಪುವಾಗ 13.6ಕ್ಕೆ ಇಳಿದಿರುತ್ತಿತ್ತು, ಬ್ಯಾಟರಿ ಪೂರ್ತಿ ತುಂಬದೆ ಬೆಳಗಾಗುವ ಹೊತ್ತಿಗೆ ಫ್ರಿಜ್ ನಿಂತಿರುತ್ತಿತ್ತು.

ಆಮೇಲೆ ವೋಲ್ಟೇಜ್ ನೋಡಿಕೊಂಡು 13.3 ವೋಲ್ಟಿನಲ್ಲಿ ಕೂಡಿ 12.8ರಲ್ಲಿ ಬಿಡುವ ವೋಲ್ಟೇಜ್ ಸೆನ್ಸಿಂಗ್ ರಿಲೇಯನ್ನು 6 ಚದರ ಮಿ.ಮೀ. ತಂತಿಯೊಂದಿಗೆ ಹಾಕಿದೆ. ಹಿಂಭಾಗದ ಬ್ಯಾಟರಿ ಖಾಲಿಯಾಗಿದ್ದಾಗಲೆಲ್ಲ ರಿಲೇ ಟಕಟಕ ಎಂದು ಕೂಡುತ್ತ ಬಿಡುತ್ತ ಇರುತ್ತಿತ್ತು. ರಿಲೇಯೇ ಕೆಟ್ಟದೆಂದು ತೀರ್ಮಾನಿಸಿ ಅದರ ಎರಡರಷ್ಟು ಬೆಲೆಯ ಇನ್ನೊಂದನ್ನು ತಂದೆ. ಅದೂ ಹಾಗೆಯೇ ಮಾಡಿತು. ನಾನು ಇಂದಿಗೂ ಮರುಗುವುದು ಈ ಖರ್ಚಿಗೆ, ಏಕೆಂದರೆ ದೋಷ ಹಿಡಿಯಲು ಕೈಯಲ್ಲಿದ್ದ ಮಲ್ಟಿಮೀಟರೇ ಸಾಕಾಗಿತ್ತು.

ಎಂಜಿನ್ ಓಡುತ್ತಿರುವಾಗ ಎರಡೂ ಬ್ಯಾಟರಿಗಳ ಪಾಸಿಟಿವ್‌ಗಳ ನಡುವೆ ಮೀಟರ್ ಹಿಡಿದೆ: ಸುಮಾರು ಅರ್ಧ ವೋಲ್ಟ್ ನಷ್ಟ. ಐದು ಮೀಟರಿನ ತೆಳು ತಂತಿಯಲ್ಲಿ 30 ಆಂಪಿಯರ್ ಹರಿದರೆ ಅಷ್ಟು ಸಹಜ. ನೆಗೆಟಿವ್‌ಗಳ ನಡುವೆ ಹಿಡಿದಾಗ ಅದಕ್ಕಿಂತಲೂ ಹೆಚ್ಚು ಕಂಡಿತು. ಬಣ್ಣ ಕೆರೆಯದೆ ಬಾಡಿಯ ಬೋಲ್ಟೊಂದಕ್ಕೆ ಬಿಗಿದಿದ್ದ ಅರ್ತ್ ವೈರ್ ನನ್ನ ಚಾರ್ಜನ್ನು ತಿನ್ನುತ್ತಿತ್ತು. ರಿಲೇಯ ಪಾಡೂ ಇಂಥದ್ದೇ: ಮುಂಭಾಗದ ಬ್ಯಾಟರಿಯಿಂದ ಅದಕ್ಕೆ ಬರುವ ತಂತಿಯ ಲಗ್ (ತುದಿಯ ಲೋಹದ ಕೊಂಡಿ) ಸಡಿಲವಾಗಿತ್ತು, ಕರೆಂಟ್ ಏರಿದೊಡನೆ ರಿಲೇಯ ಬಾಯಲ್ಲೇ ವೋಲ್ಟೇಜ್ ಕುಸಿದು ಅದು ಬಿಡುತ್ತಿತ್ತು, ಬಿಟ್ಟೊಡನೆ ವೋಲ್ಟೇಜ್ ಏರಿ ಮತ್ತೆ ಕೂಡುತ್ತಿತ್ತು.

35 ಚದರ ಮಿ.ಮೀ.ನ ತಾಮ್ರದ ಕೇಬಲನ್ನು ಪಾಸಿಟಿವ್‌ಗೂ ನೆಗೆಟಿವ್‌ಗೂ ಎಳೆದು, ಅರ್ತ್‌ಗೆ ಬಾಡಿಯನ್ನು ನಂಬದೆ ನೇರವಾಗಿ ಮುಂದಿನ ಬ್ಯಾಟರಿಗೇ ತಂದು, ಲಗ್ಗುಗಳನ್ನೆಲ್ಲ ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿಸಿದೆ. ಕೇಬಲ್ಲಿನ ಖರ್ಚು ರಿಲೇಗಿಂತ ಹೆಚ್ಚಾಯಿತು, ಆದರೆ ಹೋಗಿಬರುವ ದಾರಿಯ ಒಟ್ಟು ನಷ್ಟ 0.2 ವೋಲ್ಟಿನೊಳಗೆ ನಿಂತಿತು, ಟಕಟಕ ಅಂದೇ ಅಡಗಿತು. ಎರಡು ತುದಿಯಲ್ಲೂ ಬ್ಯಾಟರಿ ಇರುವುದರಿಂದ ಫ್ಯೂಸನ್ನು ಎರಡು ತುದಿಯಲ್ಲೂ ಹಾಕಿದ್ದೇನೆ. ಬ್ಯಾಟರಿ ಪೆಟ್ಟಿಗೆಯ ಅಡಿಯಲ್ಲಿ ಅದುರು ತಡೆಯಲು ಏನನ್ನು ಹಾಸಿದ್ದೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆ ಪೆಟ್ಟಿಗೆ ಈವರೆಗೆ ಬಿರುಕು ಬಿಟ್ಟಿಲ್ಲ.

ನಡುವೆ ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚನ್ನೂ ಹಿಂದಿನ ಬ್ಯಾಟರಿಯ ಬಲದಿಂದ ಎಳೆಸಿ ನೋಡಿದೆ. ಮೊದಲ ಗಟ್ಟಿ ಎಳೆತಕ್ಕೇ 150 ಆಂಪಿಯರಿನ ಫ್ಯೂಸ್ ಹೋಯಿತು. ಈಗ ವಿಂಚ್ ಮುಂದಿನ ಬ್ಯಾಟರಿಯದ್ದೇ.

ನನ್ನದು ಒಂದೇ ವೋಲ್ಟೇಜ್ ಕಾಯ್ದುಕೊಳ್ಳುವ ಹಳೆಯ ಆಲ್ಟರ್ನೇಟರ್. ಕಂಪ್ಯೂಟರಿನ ಆಣತಿಯಂತೆ ಓಡುವಾಗಲೇ ವೋಲ್ಟೇಜ್ ಇಳಿಸುವ ಸ್ಮಾರ್ಟ್ ಆಲ್ಟರ್ನೇಟರ್ ಇದ್ದರೆ ರಿಲೇ ನಡುವೆಯೇ ಬಿಟ್ಟುಬಿಡುತ್ತದೆ. ಅಂಥ ಗಾಡಿಯವರು ಹಣವನ್ನು ನೇರವಾಗಿ ಡಿಸಿ-ಡಿಸಿ ಚಾರ್ಜರಿಗೇ ಹಾಕಲಿ, ದಪ್ಪ ಅರ್ತ್ ಕೇಬಲನ್ನಂತೂ ಬಿಡದಿರಲಿ.